ಮಳೆ ಬಂತಾ, ಬರಲಿಲ್ವಾ?

'ಗೈಡ್' ಚಿತ್ರ ನೋಡಿದವರನ್ನು ಕೇಳಿ: ಕೊನೆಗೆ ಮಳೆ ಬಂತಾ? "ಬಂತಲ್ಲ ಗುರೂ, ಧೋ ಅಂತ!" ಅಂತಾರೆ. ಕಾದಂಬರಿ ಓದಿದವರನ್ನು ಕೇಳಿ. ತಲೆ ಕೆರೆದುಕೊಳ್ತಾರೆ!

ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ 1958ರಲ್ಲಿ ಹೊರತಂದ ಕಥೆಯಲ್ಲಿ, ಜೈಲಿನಿಂದ ಬಂದ ರಾಜುವನ್ನು ಹಳ್ಳಿಯವರು ಸ್ವಾಮಿ ಅಂದುಕೊಳ್ತಾರೆ. ಮಳೆಗಾಗಿ ಉಪವಾಸ ಕೂರಿಸ್ತಾರೆ. ಸೊರಗಿದ ರಾಜು ಹೊಳೆಗಿಳಿದು, ಬೆಟ್ಟದ ಕಡೆ ಮಳೆಯಾಗ್ತಿದೆ ಅಂದು ಕುಸಿಯುತ್ತಾನೆ. ಅಷ್ಟೇ! ಸತ್ತನೋ, ಮಳೆ ಬಂತೋ, ಲೇಖಕರು ಬಾಯಿ ಬಿಡೋಲ್ಲ.

1965ರ ಹಿಂದಿ ಚಿತ್ರದಲ್ಲಿ ನಿರ್ದೇಶಕ ವಿಜಯ್ ಆನಂದ್ ಮಳೆಯನ್ನೂ ಸುರಿಸಿದರು, ದೇವ್ ಆನಂದ್‌ಗೆ ಮಹಾತ್ಮನ ಸಾವನ್ನೂ ಕೊಟ್ಟರು. ಮಾಲ್ಗುಡಿಯ ಕಥೆ ರಾಜಸ್ಥಾನಕ್ಕೆ ಹೊರಟಿತು. ಮುನಿದ ನಾರಾಯಣ್, 'ದಾರಿ ತಪ್ಪಿದ ಗೈಡ್' ಎಂಬರ್ಥದ ಲೇಖನವನ್ನೇ ಬರೆದರು.

ನಾನೇನಂತೀನಿ? ಮಳೆ ಬಂದರೆ ಯಾರು ಬೇಕಾದರೂ ಸ್ವಾಮಿಗೆ ಕೈ ಮುಗೀತಾರೆ. ಬರದೇ ಹೋದರೆ? ಮಂದಿಗಾಗಿ ಹಸಿದ ಆ ಮೋಸಗಾರ ಆಗಲೂ ದೊಡ್ಡವನೇ ತಾನೆ? ಚಿತ್ರ ಈ ಪ್ರಶ್ನೆ ಕೇಳೋದೇ ಇಲ್ಲ. ಪುಸ್ತಕ ನಿದ್ದೆಗೆಡಿಸುತ್ತೆ.

ವಹೀದಾ ಕುಣಿತಕ್ಕೆ, ಬರ್ಮನ್ ದಾದಾ ಸಂಗೀತಕ್ಕೆ ಧಾರಾಳವಾಗಿ ಶಿಳ್ಳೆ ಹೊಡೀರಿ. ಅದು ಪುಸ್ತಕದಲ್ಲಿ ಸಿಗೋಲ್ಲ. ಆಮೇಲೆ ಪುಸ್ತಕ ಹಿಡಿದು, ಕೊನೇ ಪುಟ ಎರಡು ಸಲ ಓದಿ. ಮಳೆ ಬಂತಾ? ನೀವೇ ಹೇಳಿ!