ಒಳಬಾಡಿಗೆಗೂ ನ್ಯಾಯದ ಲೆಕ್ಕವಿರಲಿ



ಬೆಂಗಳೂರಿನಲ್ಲಿ ಒಬ್ಬರು ಮನೆ ಹಿಡಿದು, ಕೋಣೆಗಳನ್ನು ರೂಮ್‌ಮೇಟ್‌ಗಳಿಗೆ ಕೊಡುವುದು ಈಗ ಮಾಮೂಲು. ನನ್ನ ತಂಗಿಯ ಮಗಳು ಅಂಥ ಮನೆಯಲ್ಲಿದ್ದಳು. ಬಾಡಿಗೆ 30,000 ರೂಪಾಯಿ, ಇದ್ದವರು ಮೂವರು. ಕರಾರು ಯಾರ ಹೆಸರಿನಲ್ಲಿತ್ತೋ ಆಕೆ ಉಳಿದಿಬ್ಬರಿಂದ ತಲಾ 14,000 ಪಡೆದು, ತಾನು ಎರಡೇ ಸಾವಿರ ಹಾಕುತ್ತಿದ್ದಳು. ಅಡ್ವಾನ್ಸಿಗೆ ರಸೀದಿಯೂ ಇರಲಿಲ್ಲ. ವಿಷಯ ತಿಳಿದ ಮಾಲೀಕರು ಮೂವರನ್ನೂ ಬಿಡಿಸಿದರು. ತಪ್ಪು ಮಾಡದ ಹುಡುಗಿಯರೂ ಬೀದಿಗೆ ಬಿದ್ದರು.

1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಪ್ರಕಾರ, ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಟ್ಟರೆ ಮನೆ ಖಾಲಿ ಮಾಡಿಸಬಹುದು. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಆ ಕಾಯ್ದೆಯೇ ಅನ್ವಯಿಸದು. ಇಂದು ಆ ದರಕ್ಕೆ ಮನೆ ಎಲ್ಲಿ ಸಿಗುತ್ತದೆ? ಹೀಗಾಗಿ ಕರಾರುಪತ್ರವೇ ಆಧಾರ. ಕೋಣೆ ಸೇರುವವರು ಮೊದಲು ಅದನ್ನು ಕೇಳಿ ಓದಬೇಕು, ತಮ್ಮ ಹೆಸರನ್ನೂ ಸೇರಿಸಿಕೊಳ್ಳಬೇಕು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಬಾಡಿಗೆ ನಿಯಮದಂತೆ, ಮೂಲ ಬಾಡಿಗೆದಾರ ಒಳಬಾಡಿಗೆದಾರರಿಂದ ಅವರ ಪಾಲಿಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ದೊಡ್ಡ ಕೋಣೆಯವರು ಹೆಚ್ಚು ಕೊಡಲಿ, ತಕರಾರಿಲ್ಲ. ನಮ್ಮ ಸರ್ಕಾರವೂ ಇಂಥದ್ದೊಂದು ನಿಯಮ ತರಬೇಕು, 3,500ರ ಮಿತಿಯನ್ನೂ ಪರಿಷ್ಕರಿಸಬೇಕು.

– ಓದುಗರೊಬ್ಬರು, ತುಮಕೂರು