ಮೈದಾನಕ್ಕೂ ಒಂದು ರಸೀದಿ

ನಮ್ಮ ಡೊಂಬಿವಲಿ, ಥಾಣೆ ಕಡೆ ಗಣಪತಿ ಹಬ್ಬ ಬಂತೆಂದರೆ ರಸೀದಿ ಪುಸ್ತಕ ಹಿಡಿದ ಹುಡುಗರು ಬಾಗಿಲಿಗೆ ಬರುತ್ತಾರೆ. ಐನೂರೋ ಸಾವಿರವೋ ಕೊಟ್ಟು ಕಳಿಸುತ್ತೇವೆ. ಅದೇ ಹುಡುಗರು "ನಮ್ಮ ಕ್ಲಬ್ಬಿನ ಮೈದಾನ ಉಳಿಸಬೇಕು, ಏನಾದರೂ ಕೊಡಿ" ಎಂದರೆ? "ಅದೆಲ್ಲ ಸರ್ಕಾರದ ಕೆಲಸವಲ್ಲವೇನಪ್ಪಾ" ಎನ್ನುತ್ತೇವೆ.

ನವಿಮುಂಬಯಿಯ ಘನ್ಸೋಲಿಯ ಕತೆ ನೋಡಿ. ಸರ್ಕಾರಿ ಕ್ರೀಡಾ ಸಂಕೀರ್ಣಕ್ಕೆಂದು 2003ರಲ್ಲಿ ತೆಗೆದಿಟ್ಟಿದ್ದು 20 ಎಕರೆ. ಆಮೇಲೆ ಅದರಲ್ಲೊಂದು ಭಾಗವನ್ನು ಬಿಲ್ಡರಿಗೆ ಕೊಟ್ಟರು. ಸಂಕೀರ್ಣವನ್ನು ನೂರು ಕಿಲೋಮೀಟರಿಗೂ ಆಚೆ, ರಾಯಗಡ ಜಿಲ್ಲೆಯ ಮಾಣಗಾಂವ್ ಕಡೆಗೆ ಸಾಗಹಾಕಲು ಹೊರಟರು. ಶಾಲೆ ಬಿಟ್ಟ ಮಗು ಅಲ್ಲಿಗೆ ಹೋಗಿ ಆಡೀತೇ? ವಾಸ್ತುಶಿಲ್ಪಿಗಳ ಸಂಸ್ಥೆಯ ನವಿಮುಂಬಯಿ ಶಾಖೆ ಕೋರ್ಟಿಗೆ ಹೋಯಿತು. 2024ರಲ್ಲಿ ಮುಂಬಯಿ ಹೈಕೋರ್ಟ್ ಆ ಸ್ಥಳಾಂತರವನ್ನು ರದ್ದು ಮಾಡಿತು.

ಸರ್ಕಾರದ ಜಾಗ ಉಳಿಸಲೇ ಕೋರ್ಟಿನ ಮೆಟ್ಟಿಲು ಹತ್ತಬೇಕಾದರೆ, ಪುಟ್ಟ ಕ್ಲಬ್ಬಿನ ಮೈದಾನದ ಗತಿಯೇನು? ಕಪ್ಪು, ಟೀ ಶರ್ಟುಗಳಿಗೆ ಆಮೇಲೆ ಕೊಡೋಣ. ಮೊದಲು ಜಾಗದ ಅಳತೆ, ಬೇಲಿ, ಕಾಗದಪತ್ರ, ವಕೀಲರ ಫೀಸಿಗೆಂದು ಒಂದು ನಿಧಿ ಮಾಡೋಣ. ವರ್ಷಕ್ಕೊಮ್ಮೆ ಅದರ ಲೆಕ್ಕ ನೋಟಿಸ್ ಬೋರ್ಡಿಗೆ ಬರಲಿ.

ಗಣಪತಿ ಮುಂದಿನ ವರ್ಷ ಬಂದೇ ಬರುತ್ತಾನೆ. ಮೈದಾನ ಹೋದರೆ ಹೋಯಿತು.