ತೂಕವಷ್ಟೇ ಅಲ್ಲ, ಉದ್ದವನ್ನೂ ಅಳೆಯಿರಿ

ಘಟ್ಟದ ರಸ್ತೆಗಳಲ್ಲಿ ಭಾರೀ ವಾಹನಗಳ ಸಂಚಾರ ಕುರಿತ ಚರ್ಚೆಯೆಲ್ಲ ತೂಕದ ಸುತ್ತಲೇ ನಡೆಯುತ್ತದೆ. ತೂಕ ಮುಖ್ಯವೇ. ಆಕ್ಸಲ್‌ನ ಮೇಲಿನ ಭಾರ ಏರಿದಂತೆ ರಸ್ತೆಗಾಗುವ ಹಾನಿ ಸರಿಸುಮಾರು ಅದರ ನಾಲ್ಕನೆಯ ಘಾತದಲ್ಲಿ ಏರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಗಾಲಿಗಳ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಈ ಲೆಕ್ಕದಲ್ಲಿ ಹಾನಿ ಶೇ. 60ರಷ್ಟು ಹೆಚ್ಚುತ್ತದೆ. ಆದರೆ ಬಹು ಆಕ್ಸಲ್‌ಗಳ ಮೇಲೆ ಭಾರ ಹಂಚಿಕೊಂಡ ಉದ್ದನೆಯ ಟ್ರೇಲರ್ ತೂಕದ ಪರೀಕ್ಷೆಯಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ. ಅದು ಸೋಲುವುದು ತಿರುವಿನಲ್ಲಿ.

ಹೇರ್‌ಪಿನ್ ತಿರುವಿನಲ್ಲಿ ಟ್ರೇಲರಿನ ಹಿಂದಿನ ಗಾಲಿಗಳು ಮುಂದಿನವುಗಳ ಜಾಡಿನಲ್ಲಿ ಸಾಗುವುದಿಲ್ಲ. ಒಳಮಗ್ಗುಲಿಗೆ ಸರಿದು ಗುಡ್ಡದ ಬುಡದ ಚರಂಡಿಯನ್ನು ತುಳಿಯುತ್ತವೆ. ಮುಚ್ಚಿದ ಚರಂಡಿಯ ನೀರು ರಸ್ತೆಯನ್ನು ಅಡ್ಡ ಹಾಯ್ದು ಹೊರ ಅಂಚಿನ ತಡೆಗೋಡೆಯ ಹಿಂದಿನ ಮಣ್ಣಿಗೆ ಇಳಿಯುತ್ತದೆ. ನೀರುಂಡ ಮಣ್ಣು ತನ್ನ ಹಿಡಿತ ಕಳೆದುಕೊಳ್ಳುತ್ತದೆ, ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ಜೂನ್‌ನಲ್ಲಿ ತುಳಿದ ಚರಂಡಿಯ ಫಲ ಆಗಸ್ಟ್‌ನಲ್ಲಿ ಕಾಣುತ್ತದೆ. ವರದಿಯಲ್ಲಿ ಮಾತ್ರ 'ಅತಿವೃಷ್ಟಿ' ಎಂದಿರುತ್ತದೆ. (ಗುಡ್ಡವನ್ನು ನೆಟ್ಟಗೆ ಕಡಿದು ಮಾಡುವ ರಸ್ತೆ ಅಗಲೀಕರಣದ ಪಾಲು ಇದಕ್ಕಿಂತ ದೊಡ್ಡದು. ಅದನ್ನು ಮರೆಸುವುದು ನಮ್ಮ ಉದ್ದೇಶವಲ್ಲ.)

ಕಾನೂನಿನಲ್ಲಿ ದಾರಿಯಿದೆ. ಮೋಟಾರು ವಾಹನ ಕಾಯ್ದೆ, 1988ರ 115ನೇ ಕಲಮು ರಸ್ತೆಯ ಅಥವಾ ಸೇತುವೆಯ ಸ್ವರೂಪವನ್ನು ನೋಡಿ ವಾಹನಗಳನ್ನು ನಿರ್ಬಂಧಿಸಲು ಅವಕಾಶ ಕೊಡುತ್ತದೆ. ಒಂದು ತಿಂಗಳಿನೊಳಗಿನ ನಿರ್ಬಂಧಕ್ಕೆ ಸ್ಥಳೀಯ ಪ್ರಚಾರ ಸಾಕು. ಅದಕ್ಕಿಂತ ದೀರ್ಘವಾದುದಕ್ಕೆ ರಾಜಪತ್ರದ ಅಧಿಸೂಚನೆ ಬೇಕು. ಆದೇಶಗಳನ್ನು ಅವಸರದಲ್ಲಿ, ಕಂತುಕಂತಾಗಿ ಹೊರಡಿಸುವ ಅಭ್ಯಾಸಕ್ಕೆ ಈ ಸೌಕರ್ಯವೂ ಒಂದು ಕಾರಣವೆಂದು ನಮ್ಮ ಗುಮಾನಿ. ಚಾರ್ಮಾಡಿ ಘಟ್ಟದ ಸಂಚಾರ ನಿಂತದ್ದು 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ. ಕುಸಿಯುವ ಮೊದಲೇ ನಿರ್ಬಂಧಿಸಲು ಇದೇ ಕಲಮು ಸಾಕಾಗಿತ್ತು.

ಅಡಿಕೆ, ಕಾಫಿ, ಗೊಬ್ಬರ ಸಾಗಿಸುವ ಸಾಮಾನ್ಯ ಲಾರಿಗಳನ್ನು ತಡೆಯಿರೆಂದು ನಾವು ಹೇಳುತ್ತಿಲ್ಲ. ಅವುಗಳಿಲ್ಲದೆ ನಮ್ಮ ಕೃಷಿ ನಡೆಯದು. ನಾವು ಕೇಳುವುದು ಇಷ್ಟು: ಪ್ರತಿ ಘಟ್ಟದ ಅತಿ ಕಿರಿದಾದ ತಿರುವನ್ನು ಅಳೆದು, ಅಲ್ಲಿ ಹಾಯಬಹುದಾದ ವಾಹನದ ಉದ್ದವನ್ನು ಇಡೀ ಮಳೆಗಾಲಕ್ಕೆ ಅನ್ವಯಿಸುವಂತೆ ಅಧಿಸೂಚಿಸಬೇಕು. ನಿಗದಿತ 2.6 ಮೀಟರ್ ಅಗಲವನ್ನು ಮೀರಿದ ಸರಕಿಗೆ ವಿಶೇಷ ಪರವಾನಗಿ ಕೊಡುವ ಮುನ್ನ ಮಾರ್ಗ ಪರಿಶೀಲನೆಯ ವರದಿಯನ್ನು ದಾರಿಯ ಗ್ರಾಮ ಪಂಚಾಯಿತಿಗಳಿಗೆ ತಲುಪಿಸಬೇಕು. ಚರಂಡಿ, ಮೋರಿಗಳ ದುರಸ್ತಿಗೆ ಠೇವಣಿ ಪಡೆಯಬೇಕು. ವಾಹನದ ಪರವಾನಗಿಯೇ ಮರ ಕಡಿಯುವ ಪರವಾನಗಿಯಲ್ಲ. ಅದಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇರೆಯೇ ಬೇಕು.

ಮಳೆ ಹಿಡಿಯುವ ಮೊದಲು ತಮ್ಮ ಊರಿನ ತಿರುವುಗಳ ಚರಂಡಿಗಳ ಛಾಯಾಚಿತ್ರ ತೆಗೆದು, ದಿನಾಂಕ ನಮೂದಿಸಿ, ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಇನ್ನೊಂದನ್ನು ನಮಗೂ ಕಳುಹಿಸಬೇಕೆಂದು ಓದುಗರಲ್ಲಿ ವಿನಂತಿ.